ಘಾಟಿಗೆ ತಕ್ಕ ಗಾಡಿ

ಒಂದು ಮಧ್ಯಾಹ್ನ ನಮ್ಮ ಸ್ಟಾಫ್ ರೂಮಿಗೆ ನಾಲ್ಕು ಜನ ಸೇರಿ ದೊಡ್ಡದೊಂದು ಟಚ್‌ಸ್ಕ್ರೀನ್ ಪ್ಯಾನೆಲ್ ಹೊತ್ತು ತಂದರು. 75 ಇಂಚು. ಊಟದ ಡಬ್ಬಿಗಳನ್ನೆಲ್ಲ ಬದಿಗೆ ಸರಿಸಿ, ಟೇಬಲ್ಲಿನ ಮೇಲೆ ಗೋಡೆಗೆ ಒರಗಿಸಿ ನಿಲ್ಲಿಸಿದರು. ಡೆಮೊ ಕೊಡಲು ಬಂದಿದ್ದ ಹುಡುಗ ಪರದೆಯ ಮೇಲೆ ಬೆರಳಾಡಿಸಿದ್ದೇ ತಡ, ಮನುಷ್ಯನ ಹೃದಯವೊಂದು ಡಬಡಬ ಬಡಿದುಕೊಳ್ಳುತ್ತಾ ತಿರುಗತೊಡಗಿತು. ಆಮೇಲೆ ಸೌರಮಂಡಲ ಬಂತು. ಆಮೇಲೆ ಡೈನೋಸಾರ್. ನಮ್ಮದು ಆರ್ಟ್ಸ್ ಮತ್ತು ಕಾಮರ್ಸ್ ಮಾತ್ರ ಇರುವ ಕಾಲೇಜು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

‘ನಿಮ್ಮ ಸಬ್ಜೆಕ್ಟ್ ಯಾವುದು ಮೇಡಂ?’ ಎಂದು ನನ್ನ ಕಡೆ ತಿರುಗಿದ. ‘ಅಕೌಂಟೆನ್ಸಿ’ ಅಂದೆ. ಸ್ವಲ್ಪ ತಡವರಿಸಿ ಒಂದು ಪೈ ಚಾರ್ಟ್ ತೋರಿಸಿದ, ಪಾಪ.

ಬಾಗಿಲ ಬಳಿ ನಿಂತಿದ್ದ ನಮ್ಮ ಅಟೆಂಡರ್ ಅಲ್ಲಿಂದಲೇ ಕೇಳಿದರು, ‘ಕರೆಂಟ್ ಹೋದ್ಮೇಲೆ ಇದ್ರಲ್ಲಿ ಏನಿರುತ್ತೆ ಸರ್?’

‘ಏನೂ ಇರಲ್ಲ, ಆಫ್ ಆಗುತ್ತೆ’ ಅಂದ ಹುಡುಗ. ಎಲ್ಲರೂ ನಕ್ಕರು. ಚಹಾ ಬಂತು. ಮಾತು ಕಾಲೇಜುಗಳ ಮೌಲ್ಯಮಾಪನ ಮಾಡುವ ನ್ಯಾಕ್ ತಂಡ ಬರುವ ವರ್ಷದ ಕಡೆಗೂ, ಕಂಪ್ಯೂಟರು, ಪರದೆ ಇರುವ ‘ಐಸಿಟಿ ಕೊಠಡಿ’ಗಳ ಸಂಖ್ಯೆಯನ್ನು ಎಷ್ಟೆಂದು ತೋರಿಸಬೇಕು ಎನ್ನುವುದರ ಕಡೆಗೂ ಹೋಯಿತು. ನನ್ನ ತಲೆಯಲ್ಲಿ ಮಾತ್ರ ಅಟೆಂಡರ್ ಕೇಳಿದ್ದು ಕೂತುಬಿಟ್ಟಿತು. ಆನ್‌ಲೈನ್ ಪಾಠಕ್ಕೆ ಯಾವ ಆ್ಯಪ್, ಯಾವ ಉಪಕರಣ ತಗೊಳ್ಳಬೇಕು ಅಂತ ಕಮಿಟಿಗಳಲ್ಲಿ ಕೂತು ನಾವು ಗಂಟೆಗಟ್ಟಲೆ ಮಾತಾಡಿದ್ದೇವೆ. ಇಷ್ಟು ಸಲೀಸಾಗಿ ಯಾರೂ ಕೇಳಿದ್ದಿಲ್ಲ.

2020ರ ಮಾರ್ಚ್‌ನಲ್ಲಿ ಕಾಲೇಜಿಗೆ ಬೀಗ ಬಿದ್ದಾಗ ನಾವು ಯಾವುದನ್ನೂ ಆಯ್ಕೆ ಮಾಡಲಿಲ್ಲ, ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡೆವು ಅಷ್ಟೆ. ನನಗೆ ಸಿಕ್ಕಿದ್ದು ಝೂಮ್. ದುಡ್ಡು ಕೊಡದಿದ್ದರೆ ನಲವತ್ತು ನಿಮಿಷಕ್ಕೆ ಮೀಟಿಂಗ್ ತಾನಾಗಿ ಮುಗಿಯುತ್ತಿತ್ತು. ಅದರಲ್ಲಿ ಮೊದಲ ಹದಿನೈದು ನಿಮಿಷ ‘ಕೇಳಿಸ್ತಾ ಇದ್ಯಾ?’ಗೇ ಖರ್ಚು. ಹಾಜರಿ ಪುಸ್ತಕದಲ್ಲಿ 62 ಹೆಸರು, ಪರದೆಯ ಮೇಲೆ 19. ಆ ಹತ್ತೊಂಬತ್ತರಲ್ಲೂ ಅರ್ಧ ಜನ ಒಳಗೆ ಬರುವುದು, ಬೀಳುವುದು, ಮತ್ತೆ ಬರುವುದು. ರೈಲ್ವೆ ಸ್ಟೇಷನ್ ಥರ. ಬಾರದವರು ಸೋಮಾರಿಗಳು ಎಂದು ನಾನು ತೀರ್ಮಾನಿಸಿಕೊಂಡಿದ್ದೆ. ಮೂರು ವಾರ ಹಾಗೇ ನಂಬಿಕೊಂಡೂ ಇದ್ದೆ.

ಆಮೇಲೆ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಫೋನ್ ಯಾರದು? ನಿನ್ನ ಕೈಗೆ ಯಾವಾಗ ಸಿಗುತ್ತೆ? ಸಿಗ್ನಲ್ ಎಲ್ಲಿ ಬರುತ್ತೆ? ದಿನಕ್ಕೆ ಎಷ್ಟು ಡೇಟಾ? ಇಷ್ಟೇ ನಾಲ್ಕು ಪ್ರಶ್ನೆ. ಒಂದು ಹುಡುಗಿಯ ಮನೆಯಲ್ಲಿದ್ದ ಒಂದೇ ಸ್ಮಾರ್ಟ್‌ಫೋನನ್ನು ಅಪ್ಪ ಕೆಲಸಕ್ಕೆ ಒಯ್ಯುತ್ತಿದ್ದರು. ಸಂಜೆ ಏಳಕ್ಕೆ ಅವರು ಬಂದ ಮೇಲೆ ಮೊದಲ ಹಕ್ಕು ಹೈಸ್ಕೂಲಿನ ತಮ್ಮನದು. ಇನ್ನೊಬ್ಬನಿಗೆ ಸಿಗ್ನಲ್ ಸಿಗುವುದು ಗುಡ್ಡದ ಮೇಲಿನ ಗೇರುಮರದ ಬುಡದಲ್ಲಿ, ಮಳೆ ಇಲ್ಲದಿದ್ದರೆ. ಬಹಳಷ್ಟು ಮಂದಿಯದು ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್. ವಿಡಿಯೊ ತರಗತಿ ಗಂಟೆಗೆ ಅರ್ಧದಿಂದ ಒಂದು ಜಿಬಿ ತಿನ್ನುತ್ತದೆ. ನಾವು ನಾಲ್ಕು ಜನ ಲೆಕ್ಚರರ್‌ಗಳು ದಿನಕ್ಕೆ ನಾಲ್ಕು ತರಗತಿ ಹಾಕಿದ್ದೆವು. ಮಕ್ಕಳಿಗೆ ಲೆಕ್ಕ ಹೇಳಿಕೊಡುವವಳು ನಾನು, ಇಷ್ಟು ಸಣ್ಣ ಲೆಕ್ಕ ನನಗೇ ಹೊಳೆದಿರಲಿಲ್ಲ.

ಅದೇ ಮಾರ್ಚ್‌ನಲ್ಲಿ ಅಮೆರಿಕದ ಡೇನಿಯಲ್ ಸ್ಟ್ಯಾನ್‌ಫರ್ಡ್ ಎಂಬುವರು ಒಂದು ಸರಳ ಚಿತ್ರ ಬರೆದು ಹಂಚಿದ್ದರು. ನಾಲ್ಕು ಮನೆಗಳ ಚೌಕ. ಒಂದು ದಿಕ್ಕಿನಲ್ಲಿ ನೆಟ್‌ವರ್ಕ್ ಎಷ್ಟು ಬೇಕು, ಇನ್ನೊಂದು ದಿಕ್ಕಿನಲ್ಲಿ ಎಲ್ಲರೂ ಅದೇ ಹೊತ್ತಿಗೆ ಎಷ್ಟು ಹಾಜರಿರಬೇಕು. ವಿಡಿಯೊ ಕಾಲ್ ಎರಡನ್ನೂ ಭರ್ತಿ ಕೇಳುವ ಮೂಲೆಯಲ್ಲಿ ಕೂರುತ್ತದೆ. ಬರಹ, ಚಿತ್ರ, ಇಮೇಲ್ ಇವೆಲ್ಲ ಅದರ ಎದುರು ಮೂಲೆಯಲ್ಲಿ. ನಾನು ಆ ಚಿತ್ರ ನೋಡುವಷ್ಟರಲ್ಲಿ ಅರ್ಧ ಸೆಮಿಸ್ಟರ್ ಮುಗಿದಿತ್ತು. ಇಡೀ ರಾಜ್ಯ, ಇಡೀ ದೇಶ, ಎಲ್ಲರೂ ಓಡಿ ಹೋಗಿ ಕೂತಿದ್ದು ಅತಿ ದುಬಾರಿಯಾದ ಆ ಮೂಲೆಯಲ್ಲೇ. ಯಾಕೆಂದರೆ ಅದು ತರಗತಿಯ ಹಾಗೆ ಕಾಣುತ್ತಿತ್ತು. 2021ರ ಜೂನ್‌ನಲ್ಲಿ ಸುಳ್ಯ ಕಡೆಯ ಹುಡುಗಿಯೊಬ್ಬಳು ಮಳೆಯಲ್ಲಿ ರಸ್ತೆ ಬದಿ ಕೂತು ಪಾಠ ಕೇಳುತ್ತಿದ್ದರೆ ಅವಳ ತಂದೆ ಕೊಡೆ ಹಿಡಿದು ನಿಂತ ಫೋಟೋ ಎಲ್ಲ ಕಡೆ ಹರಿದಾಡಿತಲ್ಲ, ಎಲ್ಲರೂ ಆ ತಂದೆಯನ್ನು ಕೊಂಡಾಡಿದರು. ಕೊಂಡಾಡಬೇಕಾದದ್ದೇ. ನನಗೆ ಮಾತ್ರ ಅದನ್ನು ನೋಡಿದಾಗ ಕಸಿವಿಸಿಯಾಯಿತು. ನನ್ನ ಪಾಠಕ್ಕಾಗಿ ಎಷ್ಟು ಜನ ಹೀಗೆ ಕೊಡೆ ಹಿಡಿದಿದ್ದರೋ ಯಾರಿಗೆ ಗೊತ್ತು.

ಸರಿ, ವಿಡಿಯೊ ಬಿಟ್ಟೆ. ಬಿಟ್ಟ ಮೇಲೆ ಏನು?

ಅಡುಗೆಮನೆಯಿಂದ ಎರಡು ಸ್ಟೀಲ್ ಡಬ್ಬಿ ತಂದೆ. ಒಂದರಲ್ಲಿ ಕಡಲೆಬೇಳೆ, ಇನ್ನೊಂದರಲ್ಲಿ ಅವಲಕ್ಕಿ. ಖಾಲಿ ಡಬ್ಬಿ ಅಲುಗಾಡುತ್ತದೆ. ಅವುಗಳ ಮೇಲೆ ಅಡ್ಡಲಾಗಿ ಎರಡು ಮರದ ಸ್ಕೇಲು, ಸ್ಕೇಲುಗಳ ಮೇಲೆ ಕ್ಯಾಮೆರಾ ಕೆಳಮುಖವಾಗಿ ಫೋನು. ಕೆಳಗೆ ಎ-ಫೋರ್ ಹಾಳೆ. ಹಾಳೆಯಲ್ಲಿ ಜರ್ನಲ್ ಎಂಟ್ರಿ ಬರೆದು ಒಂದು ಫೋಟೋ. ಅದನ್ನು ಲೆಡ್ಜರಿನ ಡೆಬಿಟ್ ಕಡೆಗೆ ಹಾಕಿ ಇನ್ನೊಂದು. ಕ್ರೆಡಿಟ್ ಕಡೆಗೆ ಹಾಕಿ ಮತ್ತೊಂದು. ಶಿಲ್ಕು ಎಳೆದು ಕೊನೆಯದು. ಒಂದೊಂದು ಫೋಟೋದ ಕೆಳಗೂ ಎರಡು ಮೂರು ನಿಮಿಷದ ವಾಯ್ಸ್ ಮೆಸೇಜ್: ಈ ಸಾಲು ಇಲ್ಲಿಗೇ ಯಾಕೆ ಬಂತು, ಆ ಕಡೆಗೆ ಯಾಕೆ ಹೋಗಲಿಲ್ಲ. ಒಂದು ತರಗತಿಯ ಧ್ವನಿ ಎಲ್ಲ ಸೇರಿ ಎರಡು ಮೂರು ಎಂಬಿ ದಾಟುತ್ತಿರಲಿಲ್ಲ. ಯಾವಾಗ ಸಿಗ್ನಲ್ ಸಿಕ್ಕಿತೋ ಆಗ ಇಳಿಯುತ್ತದೆ, ಇಳಿದದ್ದು ಫೋನಿನಲ್ಲೇ ಇರುತ್ತದೆ. ಆಮೇಲೆ ಟವರ್ ಹೋದರೂ ಪಾಠ ಹೋಗುವುದಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ, ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ.

ಹೀಗೆ ಮಾಡುವಾಗ ಒಂದು ವಿಷಯ ಕಂಡಿತು. ಕರಿಹಲಗೆಯ ದೊಡ್ಡ ಗುಣ ಅದರ ನಿಧಾನ. ಬರೆಯುವ ಕೈ ಮಾತಿಗೆ ಲಗಾಮು ಹಾಕುತ್ತದೆ. ನಾನು ಒಂದು ಸಾಲು ಬರೆದು ಮುಗಿಸುವಷ್ಟರಲ್ಲಿ ಕೊನೆಯ ಬೆಂಚಿನವನೂ ತನ್ನ ನೋಟ್ಸಿನಲ್ಲಿ ಆ ಸಾಲು ಮುಗಿಸಿರುತ್ತಾನೆ, ಮಧ್ಯೆ ತಪ್ಪು ಬರೆದು ಒರೆಸಿದ್ದನ್ನೂ ನೋಡಿರುತ್ತಾನೆ. ಪವರ್‌ಪಾಯಿಂಟಿನಲ್ಲಿ ಇಡೀ ಲೆಡ್ಜರ್ ಒಂದೇ ಗುಂಡಿಗೆ ತೆರೆದುಕೊಳ್ಳುತ್ತದೆ. ಬೆಂದ ಅನ್ನ ಎಲೆಗೆ ಬಿದ್ದ ಹಾಗೆ, ಬೇಯಿಸುವುದು ಹೇಗೆಂದು ಯಾರಿಗೂ ತಿಳಿಯುವುದಿಲ್ಲ. ಚರಿತ್ರೆಯ ಮೇಷ್ಟ್ರಿಗೆ ಸ್ಲೈಡು ಒಳ್ಳೆಯದಿರಬಹುದು. ಬಾದಾಮಿಯ ಗುಹೆ ತೋರಿಸಲು ಚಿತ್ರವೇ ಬೇಕು. ನನಗೆ ಬೇಕಾದದ್ದು ಕೈ ಬರೆಯುವುದು ಕಾಣುವಂಥ ಏನಾದರೂ. ಪಾಠದಲ್ಲಿ ಯಾವುದು ಕಾಣಬೇಕು ಎಂದು ಗೊತ್ತಾಗದೆ ಯಂತ್ರ ಆರಿಸಲು ಹೊರಟರೆ ಪೈ ಚಾರ್ಟೇ ಸಿಗುವುದು.

ಅಡಿಕೆ ಕೊಯ್ಲಿನ ಸಮಯದಲ್ಲಿ ಒಬ್ಬ ಹುಡುಗ ಮೆಸೇಜು ಹಾಕಿದ: ‘ಮೇಡಂ, ನಿನ್ನೆ ರಾತ್ರಿ ಅಡಿಕೆ ಸುಲೀತಾ ಮೂರು ಸಲ ಕೇಳಿದೆ, ಮೂರನೇ ಸಲಕ್ಕೆ ಡಿಪ್ರಿಸಿಯೇಷನ್ ತಲೆಗೆ ಹೋಯ್ತು.’ ಕಾಲಡಿಯಲ್ಲಿ ಮೆಟ್ಟುಗತ್ತಿ, ಎರಡೂ ಕೈಯಲ್ಲಿ ಅಡಿಕೆ, ಕಿವಿಯಲ್ಲಿ ನನ್ನ ಧ್ವನಿ. ಪರದೆ ನೋಡುವ ಪಾಠವಾಗಿದ್ದರೆ ಅವನಿಗೆ ಆ ರಾತ್ರಿ ಸಿಗುತ್ತಲೇ ಇರಲಿಲ್ಲ. ಮೂರು ಸಲ ಎನ್ನುವುದನ್ನೂ ಗಮನಿಸಿ. ತರಗತಿಯಲ್ಲಿ ನಾನು ಒಂದೇ ವಿಷಯವನ್ನು ಮೂರು ಸಲ ಹೇಳುವುದಿಲ್ಲ, ಎರಡನೇ ಸಲಕ್ಕೇ ಸಿಡುಕುತ್ತೇನೆ.

ಶಿಕ್ಷಣ ತಂತ್ರಜ್ಞಾನ ಓದಿದವರ ನಡುವೆ ಒಂದು ಹಳೆಯ ಜಗಳವಿದೆ. 1983ರಲ್ಲಿ ರಿಚರ್ಡ್ ಕ್ಲಾರ್ಕ್ ಎಂಬ ವಿದ್ವಾಂಸರು, ಮಾಧ್ಯಮ ಯಾವುದಾದರೂ ಕಲಿಕೆಗೆ ವ್ಯತ್ಯಾಸವಿಲ್ಲ, ದಿನಸಿ ತರುವ ಲಾರಿಯಿಂದ ಊಟದ ಸತ್ವ ಹೆಚ್ಚುತ್ತದೆಯೇ ಎಂಬರ್ಥದಲ್ಲಿ ವಾದಿಸಿದರು. ರಾಬರ್ಟ್ ಕೋಜ್ಮಾ ಎಂಬುವರು ಅದನ್ನು ಒಪ್ಪದೆ ಎದುರು ವಾದ ಹೂಡಿದರು. ಇಬ್ಬರ ಹೆಸರನ್ನೂ ಹಿಡಿದು ಇವತ್ತಿಗೂ ವಾದ ನಡೆಯುತ್ತಿರುತ್ತದೆ. ಲಾರಿಯ ಮಾತು ನನಗೆ ತುಂಬ ಇಷ್ಟ. ಸ್ಮಾರ್ಟ್ ಬೋರ್ಡ್ ಬಂದರೆ ಮಕ್ಕಳು ಸ್ಮಾರ್ಟ್ ಆಗುತ್ತಾರೆ ಎನ್ನುವವರಿಗೆ ಹೇಳಲು ಇದಕ್ಕಿಂತ ಒಳ್ಳೆಯ ಮಾತು ಬೇರೆ ಇಲ್ಲ. ಆದರೆ ಆಗುಂಬೆ ಘಾಟಿಯ ಮೇಲಿನ ನಮಗೆ ಲಾರಿ ಎಂದರೆ ಇನ್ನೊಂದು ಯೋಚನೆಯೂ ಬರುತ್ತದೆ. ಹದಿನಾಲ್ಕು ತಿರುವಿನ ಆ ಘಾಟಿಗೆ ದೊಡ್ಡ ಗಾಡಿ ಬಿಡುವುದೇ ಇಲ್ಲ. ಮಿನಿ ಬಸ್ಸೇ ಗತಿ. ಲಾರಿಯಿಂದ ಅಕ್ಕಿಯ ಸತ್ವ ಹೆಚ್ಚುವುದಿಲ್ಲ, ಒಪ್ಪಿದೆ. ಘಾಟಿ ಹತ್ತದ ಲಾರಿಯಲ್ಲಿದ್ದರೆ ಅಕ್ಕಿಯೇ ಬರುವುದಿಲ್ಲವಲ್ಲ.

2020ರ ನವೆಂಬರ್ 17ರಂದು ಪದವಿ ಕಾಲೇಜುಗಳು ಮತ್ತೆ ತೆರೆದವು. ಹಾಜರಾತಿ ಕಡ್ಡಾಯವಿರಲಿಲ್ಲ. ಕೆಲವರು ಬೆಂಚಿನಲ್ಲಿ, ಉಳಿದವರು ಮನೆಯಲ್ಲಿ, ಇಬ್ಬರಿಗೂ ಒಟ್ಟಿಗೆ ಪಾಠ ಮಾಡಿ ಎಂದು ಸೂಚನೆ ಬಂತು. ಇದಕ್ಕೆ ಹೈಬ್ರಿಡ್ ಎಂಬ ಹೆಸರೂ ಬಂತು. ಬ್ರಯನ್ ಬೀಟಿ ಎಂಬ ಪ್ರಾಧ್ಯಾಪಕರು ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 2006ರ ಹೊತ್ತಿಗೇ ‘ಹೈಫ್ಲೆಕ್ಸ್’ ಎಂದು ಇಂಥದ್ದನ್ನು ರೂಪಿಸಿದ್ದರು. ಬರುವುದೋ, ಮನೆಯಿಂದ ಸೇರುವುದೋ, ಆಮೇಲೆ ನೋಡಿಕೊಳ್ಳುವುದೋ ವಿದ್ಯಾರ್ಥಿಯೇ ಆರಿಸಿಕೊಳ್ಳಬೇಕು, ಯಾವುದನ್ನು ಆರಿಸಿಕೊಂಡರೂ ಸಿಗುವುದು ಒಂದೇ ತೂಕದ್ದಾಗಿರಬೇಕು ಎನ್ನುವುದು ಅದರ ಜೀವ. ನಮ್ಮಲ್ಲಿ ಆರಿಸಿದ್ದು ಬಸ್ಸು ಮತ್ತು ಅಪ್ಪಂದಿರು. ತೂಕದ ಮಾತು ಬಿಡಿ. ಮುಂದಿನ ಬೆಂಚಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಪಾಠ ಮಾಡಿದೆ. ಮನೆಯಲ್ಲಿದ್ದವರಿಗೆ ಕಂಡದ್ದು ತಿರುಗುವ ಫ್ಯಾನು, ಆಗಾಗ ಹಾದುಹೋಗುವ ನನ್ನ ಸೆರಗು. ಕೇಳಿದ್ದು ಫ್ಯಾನಿನ ಸದ್ದು. ಕೊಠಡಿಯಲ್ಲಿ ಯಾರೋ ಪ್ರಶ್ನೆ ಕೇಳಿ, ನಾನು ಉತ್ತರ ಹೇಳಿ, ಎಲ್ಲರೂ ನಕ್ಕರೆ ಮನೆಯಲ್ಲಿದ್ದವರಿಗೆ ಬರೀ ನಗು ಕೇಳಿಸುತ್ತಿತ್ತಂತೆ. ‘ನಮ್ಮನ್ನ ನೋಡಿ ನಕ್ಕಿದ್ದಾ ಮೇಡಂ?’ ಎಂದು ಒಬ್ಬಳು ಸಂಜೆ ಕೇಳಿದಳು.

ಆಗ ಕಲಿತದ್ದು ಇದು: ಹೈಬ್ರಿಡ್ ತರಗತಿಗೆ ದುಡ್ಡು ಹಾಕುವುದಿದ್ದರೆ ಮೊದಲು ಧ್ವನಿಗೆ ಹಾಕಬೇಕು. ಚಿತ್ರ ಮಸುಕಾದರೆ ಮಕ್ಕಳು ತಾಳಿಕೊಳ್ಳುತ್ತಾರೆ, ಮಾತು ಒಡೆದರೆ ಎರಡು ನಿಮಿಷದಲ್ಲಿ ಎದ್ದು ಹೋಗುತ್ತಾರೆ. ಕೆಲವು ನೂರು ರೂಪಾಯಿಯ ಕಾಲರ್ ಮೈಕು ತಂದೆ, ನನ್ನ ದುಡ್ಡಿನಲ್ಲೇ. ಅದರ ಜೊತೆ ಬಿಟ್ಟಿಯಾದ ಒಂದು ಅಭ್ಯಾಸವನ್ನೂ ಬೆಳೆಸಿಕೊಂಡೆ: ಕೊಠಡಿಯಲ್ಲಿ ಕೇಳಿದ ಪ್ರತಿ ಪ್ರಶ್ನೆಯನ್ನೂ ಮೈಕಿಗೆ ಇನ್ನೊಮ್ಮೆ ಹೇಳಿ ಆಮೇಲೆ ಉತ್ತರಿಸುವುದು. ಈಗ ಎಲ್ಲರೂ ಎದುರಿಗೇ ಇರುವಾಗಲೂ ಬಾಯಿಗೆ ಅದೇ ಬರುತ್ತದೆ, ಹುಡುಗರು ಅಣಕಿಸುತ್ತಾರೆ.

ವಾಟ್ಸ್ಆ್ಯಪ್ ಗ್ರೂಪಿನ ಬಗ್ಗೆ ನನ್ನ ತಪ್ಪನ್ನು ಹೇಳಲೇಬೇಕು. ಎಲ್ಲರ ಫೋನಿನಲ್ಲೂ ಇದೆ, ಹೊಸದಾಗಿ ಏನೂ ಕಲಿಸಬೇಕಿಲ್ಲ ಎಂದು ಇಡೀ ತರಗತಿಯನ್ನು ಗ್ರೂಪಿಗೆ ಸೇರಿಸಿಬಿಟ್ಟೆ. ತಿಂಗಳೊಳಗೆ ಮೂರು ಹುಡುಗಿಯರು ಬೇರೆ ಬೇರೆಯಾಗಿ ಬಂದು, ಗೊತ್ತಿಲ್ಲದ ನಂಬರಿನಿಂದ ರಾತ್ರಿ ಮೆಸೇಜು ಬರುತ್ತಿದೆ ಎಂದರು. ಅವರ ನಂಬರು, ಡಿಪಿ ಎಲ್ಲವನ್ನೂ ಊರಿಗೆ ಹಂಚಿದವಳು ನಾನೇ. ಅವರ ಒಪ್ಪಿಗೆ ಕೇಳಿರಲಿಲ್ಲ. ಕೇಳಬೇಕು ಅಂತಲೂ ಅನಿಸಿರಲಿಲ್ಲ. ನಂಬರ್ ಮುಚ್ಚಿಡಲು ಬರುತ್ತದೆಂದು ಟೆಲಿಗ್ರಾಂ ಚಾನೆಲ್ಲಿಗೆ ಹೋದೆ. ಅದನ್ನು ಇಳಿಸಿಕೊಳ್ಳಲು ಫೋನಿನಲ್ಲಿ ಜಾಗವಿಲ್ಲದ ಎಂಟು ಜನರಿಗೆ ಪ್ರತ್ಯೇಕವಾಗಿ ಕಳಿಸಿದೆ. ಪದವಿಯ ಮೊದಲ ವರ್ಷಕ್ಕೆ ಬರುವವರಲ್ಲಿ ಎಷ್ಟೋ ಜನರಿಗೆ ಹದಿನೇಳು. 2023ರಲ್ಲಿ ಬಂದ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯ್ದೆ ಹದಿನೆಂಟಾಗದವರನ್ನು ಮಕ್ಕಳೆಂದೇ ಎಣಿಸುತ್ತದೆ. ಆ್ಯಪು ಆರಿಸುವ ಸಭೆಗಳಲ್ಲಿ ಈ ಮಾತು ಬಂದದ್ದನ್ನು ನಾನಂತೂ ಕೇಳಿಲ್ಲ.

ಟೆಸ್ಟುಗಳದು ಸಣ್ಣ ಕಥೆ. ಗೂಗಲ್ ಫಾರ್ಮ್ ಕಳಿಸಿದರೆ ಎಂಟು ನಿಮಿಷದಲ್ಲಿ 62 ಜನರೂ ಒಂದೇ ಉತ್ತರ, ಒಂದೇ ತಪ್ಪಿನ ಸಮೇತ. ಕ್ಯಾಮೆರಾ ಹಾಕಿ ಕಾಯುವ ಸಾಫ್ಟ್‌ವೇರ್ ಇದೆ ಎಂದು ಯಾರೋ ಸೂಚಿಸಿದರು. ನಾನು ಪ್ರಶ್ನೆ ಬದಲಿಸಿದೆ: ‘ನಿನ್ನ ರಿಜಿಸ್ಟರ್ ನಂಬರಿನ ಕೊನೆಯ ಮೂರು ಅಂಕಿಗೆ ಎರಡು ಸೊನ್ನೆ ಸೇರಿಸು. ಅದು ನಿನ್ನ ಆರಂಭದ ನಗದು ಶಿಲ್ಕು.’ ಒಬ್ಬೊಬ್ಬರ ತಾಳೆಪಟ್ಟಿಯೂ (ಟ್ರಯಲ್ ಬ್ಯಾಲೆನ್ಸ್) ಬೇರೆ. ಪಕ್ಕದವನನ್ನು ಕೇಳಿದರೂ ವಿಧಾನ ಕೇಳಬೇಕೇ ಹೊರತು ಉತ್ತರವನ್ನಲ್ಲ. ವಿಧಾನ ಕೇಳಿ ಕಲಿತರೆ ನನಗೇನು ಬೇಜಾರು? 62 ಬೇರೆ ಬೇರೆ ಉತ್ತರ ತಿದ್ದುವ ಕೆಲಸವನ್ನು ಒಂದು ಎಕ್ಸೆಲ್ ಶೀಟು ಮಾಡಿತು. ನಾನು ಮನಸಾರೆ ಹೊಗಳುವ ತಂತ್ರಜ್ಞಾನ ಏನಾದರೂ ಇದ್ದರೆ ಅದು ಎಕ್ಸೆಲ್.

ಈ ನಡುವೆ ನಮ್ಮ ಕಾಲೇಜು ಒಂದು ಕಂಪನಿಯ ಆ್ಯಪಿಗೆ ಚಂದಾ ಕಟ್ಟಿತು. ನೋಟ್ಸು, ಟೆಸ್ಟು, ಹಾಜರಿ ಎಲ್ಲ ಒಂದೇ ಕಡೆ. ಎರಡು ಬೇಸಿಗೆ ರಜೆ ಕೂತು ಏಳುನೂರು ಪ್ರಶ್ನೆ ಅದರೊಳಗೆ ಹಾಕಿದೆ. ಮೂರನೇ ವರ್ಷ ಕಂಪನಿ ಬಾಗಿಲು ಮುಚ್ಚಿತು. ಪ್ರಶ್ನೆಗಳನ್ನು ಹೊರಗೆ ತೆಗೆಯುವ ಗುಂಡಿಯೇ ಅದರಲ್ಲಿರಲಿಲ್ಲ. ಹಾಕುವಾಗ ನಾನೂ ಹುಡುಕಿರಲಿಲ್ಲ. ಆಮೇಲೆ ಮೂಡಲ್ ಕಡೆ ನೋಡಿದೆ. ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಸ್ 2002ರಲ್ಲಿ ಬಿಡುಗಡೆ ಮಾಡಿದ, ಆನ್‌ಲೈನ್ ಪಾಠ, ಟೆಸ್ಟು ನಡೆಸುವ ಮುಕ್ತ ತಂತ್ರಾಂಶ ಅದು. ಆತ ಹುಡುಗನಾಗಿದ್ದಾಗ ಮರುಭೂಮಿಯ ನಡುವಿನ ಒಂಟಿ ಊರಿನಲ್ಲಿ ರೇಡಿಯೊ ಮೂಲಕ ಪಾಠ ಕೇಳಿ ಓದಿದವನಂತೆ. ಮೂಡಲ್ಲಿನ ಮೊಬೈಲ್ ಆ್ಯಪಿನಲ್ಲಿ ಪಾಠವನ್ನು ಇಳಿಸಿಕೊಂಡು ನೆಟ್ ಇಲ್ಲದಾಗ ಓದಬಹುದು ಎಂದು ಕಂಡಾಗ, ಹೌದು ಮಾರಾಯ, ನಿನಗೆ ಗೊತ್ತಿರಲೇಬೇಕು ಅನಿಸಿತು. ಆದರೆ ಅದಕ್ಕೊಂದು ಸರ್ವರ್ ಬೇಕು, ಸರ್ವರನ್ನು ನೋಡಿಕೊಳ್ಳುವ ಒಬ್ಬ ಮನುಷ್ಯ ಬೇಕು. ಬಿಟ್ಟಿ ಸಿಕ್ಕ ಹಸುವಿಗೂ ದಿನಾ ಹುಲ್ಲು ಹಾಕಬೇಕು. ನಮ್ಮಲ್ಲಿ ಆ ಕೆಲಸ ಮಾಡುತ್ತಿದ್ದ ಅತಿಥಿ ಉಪನ್ಯಾಸಕರಿಗೆ ಮರು ವರ್ಷ ಬೇರೆ ಕಾಲೇಜು ಸಿಕ್ಕಿತು.

ಇಷ್ಟೆಲ್ಲ ಆದ ಮೇಲೆ ನನ್ನ ಡಬ್ಬಿ-ಸ್ಕೇಲು-ವಾಯ್ಸ್ ಮೆಸೇಜಿನ ಬಗ್ಗೆ ನನಗೆ ಸಣ್ಣ ಜಂಬ ಬಂದಿತ್ತು. ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ.

2021–22ರಲ್ಲಿ ಹೊಸ ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಬಂದು, ಬಿಎ ಮಕ್ಕಳೂ ಕಾಮರ್ಸಿನ ಒಂದು ವಿಷಯವನ್ನು ಓಪನ್ ಎಲೆಕ್ಟಿವ್ ಆಗಿ ತಗೊಳ್ಳುವ ಹಾಗಾಯಿತು. 2021ರ ಮೇ ತಿಂಗಳಲ್ಲೇ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ), ಪ್ರತಿ ಕೋರ್ಸಿನ ಶೇ 40ರವರೆಗೆ ಆನ್‌ಲೈನಿನಲ್ಲಿ ಕಲಿಸಬಹುದು ಎಂಬ ಕರಡನ್ನೂ ಹೊರಡಿಸಿತ್ತು. ಹಾಗಾಗಿ ಕೋವಿಡ್ ಮುಗಿದರೂ ನನ್ನ ಫೋಟೋ ಪಾಠಗಳನ್ನು ನಿಲ್ಲಿಸಿರಲಿಲ್ಲ. ಆ ಎಲೆಕ್ಟಿವ್‌ಗೆ ದೃಷ್ಟಿಯಿಲ್ಲದ ಹುಡುಗನೊಬ್ಬ ಸೇರಿಕೊಂಡ. ಪರದೆಯ ಮೇಲಿನ ಬರಹವನ್ನು ಅವನ ಫೋನು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಎರಡು ವಾರದ ನಂತರ ಸ್ಟಾಫ್ ರೂಮಿಗೆ ಬಂದು ಹೇಳಿದ, ‘ಮೇಡಂ, ನಿಮ್ ವಾಯ್ಸ್ ಚೆನ್ನಾಗಿ ಕೇಳುತ್ತೆ. ನಡುವೆ ‘ಈ ಸಾಲು ನೋಡಿ’ ಅಂತೀರಲ್ಲ, ಅಲ್ಲಿ ನನ್ ಫೋನು ‘ಚಿತ್ರ’ ಅಂತ ಒಂದ್ ಮಾತು ಹೇಳಿ ಸುಮ್ನಾಗುತ್ತೆ.’

ಟೈಪ್ ಮಾಡಿದ ಹಳೆಯ ನೋಟ್ಸು ಇದೆ, ಕಳಿಸುತ್ತೇನೆ ಅಂದೆ. ಕಳಿಸಿದೆ. ಅವನು ನನ್ನೆದುರೇ ಫೋನ್ ಕಿವಿಗಿಟ್ಟುಕೊಂಡ. ಅದು ಓದುವ ವೇಗಕ್ಕೆ ನನಗೊಂದೂ ಪದ ಹಿಡಿಯಲಾಗುವುದಿಲ್ಲ, ಅವನಿಗೆ ಅದು ಸಲೀಸು. ಆದರೆ ಈ ಸಲ ಅವನ ಮುಖವೂ ಗಂಟಿಕ್ಕಿತು. ಫೋನು ಇಂಗ್ಲಿಷ್ ಅಕ್ಷರಗಳನ್ನು, ಚಿಹ್ನೆಗಳನ್ನು ಒಂದೊಂದಾಗಿ ಉಗುಳುತ್ತಿತ್ತು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ಅದು. ಕಂಪ್ಯೂಟರಿನ ಹೊಟ್ಟೆಯಲ್ಲಿರುವುದು ಇಂಗ್ಲಿಷಿನ ಸಂಕೇತ, ಕನ್ನಡ ಬರೀ ಫಾಂಟು ತೊಡಿಸಿದ ವೇಷ. ಯಕ್ಷಗಾನದ ಚೌಕಿಯಲ್ಲಿ ಕಿರೀಟ ಬಿಚ್ಚಿಟ್ಟರೆ ದೇವೇಂದ್ರನೂ ಬೀಡಿ ಸೇದುವ ಪಕ್ಕದ ಮನೆಯವನೇ ಆಗುವ ಹಾಗೆ. ಕಣ್ಣಿರುವ ನಮಗೆ ಹದಿನೈದು ವರ್ಷ ಈ ವೇಷವೇ ಸಾಕಾಗಿತ್ತು. ಕನ್ನಡದ ಅಕ್ಷರಕ್ಕೆ ತನ್ನದೇ ಸಂಕೇತವಿರುವ ಯೂನಿಕೋಡಿನಲ್ಲಿದ್ದರೆ ಅವನ ಫೋನು ಅದನ್ನು ಕನ್ನಡವಾಗಿಯೇ ಓದುತ್ತದೆ. ಪರಿವರ್ತಕಕ್ಕೆ ಹಾಕಿ, ಒತ್ತಕ್ಷರಗಳು ಕೆಟ್ಟಲ್ಲೆಲ್ಲ ತಿದ್ದಿ, ಹತ್ತು ಅಧ್ಯಾಯ ಮುಗಿಸಲು ನನಗೆ ದಸರಾ ರಜೆ ಪೂರ್ತಿ ಹಿಡಿಯಿತು.

ಲೆಡ್ಜರಿನ ಆಕಾರ ಮಾತ್ರ ಉಳಿಯಿತು. ಎಡಕ್ಕೆ ಡೆಬಿಟ್, ಬಲಕ್ಕೆ ಕ್ರೆಡಿಟ್, ನಡುವೆ ಗೆರೆ. ಇದನ್ನು ಮಾತಿನಲ್ಲಿ ಎಷ್ಟು ಹೇಳಿದರೂ ಅವನಿಗೆ ಸಮಾಧಾನವಾಗಲಿಲ್ಲ. ಒಂದು ದಿನ ಅವನೇ ನನ್ನ ಮೇಜಿನ ಮೇಲಿನ ಹಾಳೆ ತಗೊಂಡು ಉದ್ದಕ್ಕೆ ಮಡಿಸಿ ಬಿಚ್ಚಿದ. ಮೇಲ್ಗಡೆ ಅಡ್ಡಕ್ಕೆ ಇನ್ನೊಂದು ಮಡಿಕೆ. ಉಗುರಿನಿಂದ ಗೀರಿ ಮಡಿಕೆಯನ್ನು ಉಬ್ಬಿಸಿ, ಎರಡೂ ಅಂಗೈಯನ್ನು ಆಚೀಚೆ ಇಟ್ಟು, ‘ಹಿಂಗೇನಾ ಮೇಡಂ ಖಾತೆ?’ ಎಂದ. ಹಿಂಗೇ. ಬಂದ ದುಡ್ಡಿಗೆ ಎಡಗೈ ತಟ್ಟಿದ, ಹೋದದ್ದಕ್ಕೆ ಬಲಗೈ. ನಗದು ಖಾತೆ ಅವತ್ತೇ ಮುಗಿಯಿತು. ಮರುದಿನ ಇಡೀ ತರಗತಿಯ ಕೈಯಲ್ಲಿ ಹಾಳೆ ಮಡಿಸಿಸಿದೆ. ವಾಯ್ಸ್ ಮೆಸೇಜಿನಲ್ಲೂ ಈಗ ‘ಈ ಸಾಲು ನೋಡಿ’ ಅನ್ನುವುದಿಲ್ಲ. ‘ಎಡಗೈ ಕಡೆ, ಮೂರನೇ ಸಾಲು, ಬಾಡಿಗೆ, ಎರಡು ಸಾವಿರ’ ಅನ್ನುತ್ತೇನೆ. ಅಡಿಕೆ ಸುಲಿಯುವವರಿಗೂ ಇದೇ ಚೆನ್ನಾಗಿದೆಯಂತೆ.

ಪ್ಯಾನೆಲ್ ಬಂತು, ಅದು ಬಂದೇ ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಜೊತೆಗೆ ಯುಪಿಎಸ್ ತರಿಸಿ ಎಂದು ಪ್ರಿನ್ಸಿಪಾಲರಿಗೆ ನಾಲ್ಕು ಸಲ ಹೇಳಿ ಅದನ್ನೂ ತರಿಸಿದೆ. ಬೈಯಬೇಕೆಂದುಕೊಂಡೇ ಬಳಸಲು ಹೋದೆ, ಪೂರ್ತಿ ಬೈಯಲು ಆಗಲಿಲ್ಲ. ಪೆನ್ನಿನಲ್ಲಿ ಕೈಯಾರೆ ಲೆಡ್ಜರ್ ಎಳೆಯಬಹುದು, ಕರಿಹಲಗೆಯದ್ದೇ ನಿಧಾನ, ಚಾಕ್‌ಪೀಸಿನ ಧೂಳಿಲ್ಲ, ಕೊನೆಗೆ ಬರೆದದ್ದಷ್ಟೂ ಪಿಡಿಎಫ್ ಆಗಿ ಮಕ್ಕಳಿಗೆ ಹೋಗುತ್ತದೆ. ಮೊದಲ ದಿನ ತರಗತಿ ಮುಗಿದ ಮೇಲೆ ಹಾಳೆ ಮಡಿಸಿದ್ದ ಆ ಹುಡುಗ ಬಾಗಿಲಲ್ಲಿ ನಿಂತಿದ್ದ, ಫೋನು ಕಿವಿಯಲ್ಲಿ.

‘ಓದುತ್ತೇನೋ?’ ಅಂದೆ.

‘ಚಿತ್ರ, ಪುಟ ಒಂದು. ಚಿತ್ರ, ಪುಟ ಎರಡು’ ಎಂದು ಫೋನಿನ ಧ್ವನಿಯಲ್ಲೇ ಹೇಳಿ ನಕ್ಕ.

ಅವತ್ತು ಸಂಜೆ ನಾಲ್ಕೂವರೆಯ ಬಸ್ಸು ಬಿಟ್ಟು, ಸ್ಟಾಫ್ ರೂಮಿನಲ್ಲಿ ಕೂತು ಆ ಎರಡು ಪುಟ ಟೈಪ್ ಮಾಡಿದೆ. ಕೀಲಿ ಗೊಂಚಲು ಹಿಡಿದು ಅಟೆಂಡರ್ ಎರಡು ಸಲ ಇಣುಕಿ ಹೋದರು.